ಕಡತಕ್ಕೆ ಕಾಣದ ಸದ್ದು

'ಸ್ಥಳ ಪರಿಶೀಲಿಸಲಾಗಿ ಯಾವುದೇ ಶಬ್ದವು ಕಂಡುಬಂದಿರುವುದಿಲ್ಲ. ಆದ್ದರಿಂದ ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.'

ಹೊನ್ನೆಕಟ್ಟೆ ಗ್ರಾಮ ಪಂಚಾಯಿತಿಯ ಮೊಹರು ಬಿದ್ದ ಈ ಎರಡು ಸಾಲನ್ನು ನಾನು ಮೂರು ಸಲ ಓದಿದೆ. ಶಬ್ದ ಕಂಡುಬರಲಿಲ್ಲವಂತೆ! ಬರೆದವನಿಗೆ ನಾಚಿಕೆಯಾಗಲಿಲ್ಲ, ಸಹಿ ಹಾಕಿದವರಿಗೆ ನಗು ಬರಲಿಲ್ಲ. ಬಡವನ ಅರ್ಜಿಯ ಮೇಲೆ ಏನು ಬರೆದರೂ ನಡೆಯುತ್ತದೆ ಎಂಬ ಧೈರ್ಯ ಅದು. ಆದರೆ ಈ ಕಾಗದವನ್ನು ನನ್ನ ಕೈಗಿತ್ತ ಮನುಷ್ಯ ಅದನ್ನು ನಾಲ್ಕಾಗಿ ಮಡಚಿ ಮತ್ತೆ ಜೇಬಿನಲ್ಲಿಟ್ಟುಕೊಂಡು, "ಇದು ಬೇಕಾಗ್ತೈತೆ ಬಿಡ್ರಿ" ಎಂದರು. ಅವರ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊಳಲ್ಕೆರೆಯಿಂದ ರಾಮಗಿರಿ ಕಡೆ ಹೋಗುವ ಬಸ್ಸು ಹೊನ್ನೆಕಟ್ಟೆಯಲ್ಲಿ ನಿಂತಾಗ ಎಡಕ್ಕೆ ಕಾಣುವುದು ಮಸೀದಿ ಓಣಿ. ಅದರ ಮೂರನೇ ಮನೆಯ ಪಡಸಾಲೆಯೇ ಹಜರತ್ ಅಲಿಯವರ ಅಂಗಡಿ. ವಯಸ್ಸು ಐವತ್ತೆಂಟು. ಕೆಲಸ ಹೊಲಿಗೆ ಯಂತ್ರದ ರಿಪೇರಿ. ಯಂತ್ರ ಬಂದ ಕೂಡಲೇ ಬಿಚ್ಚುವವರಲ್ಲ ಇವರು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಒಳಗಿನ ಯಾವ ಭಾಗ ಸವೆದಿದೆ, ಯಾವುದು ಕೂದಲೆಳೆಯಷ್ಟು ಹಿಂದೆ ಬಿದ್ದಿದೆ ಎಂಬುದು ಆ ಹಿಡಿಯಲ್ಲೇ ಬಂದು ಹೇಳುತ್ತದೆ. ತಂದೆಯಿಂದ ಕಲಿತದ್ದು ಇದೊಂದೇ ವಿದ್ಯೆ. ಅಂಗಡಿ ಇಟ್ಟ ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಹೋದ ಯಂತ್ರ ಅದೇ ರೋಗ ಹೊತ್ತು ವಾಪಸು ಬಂದದ್ದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಮೂರು ಬಂದವು.

ತಂದವರು ಮಮತಾ. ಹೊಳಲ್ಕೆರೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೇಂದ್ರ ನಡೆಸುತ್ತಾರೆ. ಹನ್ನೆರಡು ಯಂತ್ರಗಳಿವೆ. ಹಜರತ್ ಅಲಿಯವರ ಮನೆ ನಡೆಯುವುದು ಹೆಚ್ಚು ಕಡಿಮೆ ಆ ಹನ್ನೆರಡರಿಂದಲೇ.

"ಚಾಚಾ, ಮತ್ತೆ ದಾರ ಹರೀತಾವೆ. ಹುಡ್ಗೇರು ನಗ್ತಾರೆ ನನ್ನ ನೋಡಿ. ದೀಪಾವಳಿ ಆದ್ಮೇಲೆ ಹನ್ನೆರಡೂ ಸರ್ವೀಸ್ ಆಗ್ಬೇಕು. ನಿಮ್ ಕೈಲಿ ಆಗಲ್ಲ ಅಂದ್ರೆ ಬ್ಯಾಸರ ಮಾಡ್ಕಬ್ಯಾಡ್ರಿ, ಚಿತ್ರದುರ್ಗದಾಗೆ ಇನ್ನೊಬ್ರು ಅದಾರೆ."

ಹಜರತ್ ಅಲಿ ಉತ್ತರ ಕೊಟ್ಟಿದ್ದರೂ ಮಮತಾಗೆ ಕೇಳಿಸುತ್ತಿರಲಿಲ್ಲ. ಪಕ್ಕದ ಗೋಡೆಯಾಚೆ ಅಡಿಕೆ ಸುಲಿಯುವ ಮಿಷನ್ ಗಡಗಡ ಶುರುವಾಗಿತ್ತು. ಮೇಜಿನ ಮೇಲಿದ್ದ ಚಹಾ ಲೋಟ ತಾನೇ ತಾನಾಗಿ ಅಂಚಿನ ಕಡೆ ಸರಿಯುತ್ತಿತ್ತು.

ಆ ಮಿಷನ್ ಕಾಟಮ್ಮನವರದು. ಗೊಲ್ಲರಹಟ್ಟಿಯಿಂದ ಬಂದು ಓಣಿಯಲ್ಲಿ ಮನೆ ಕಟ್ಟಿದವರು. ಕುರಿಗಳ ಹಿಂದೆ ಅಲೆಯಲು ಮಂಡಿ ಒಪ್ಪದೆ ಎರಡು ವರ್ಷದ ಹಿಂದೆ ಹಿಂಡು ಮಾರಿ ಈ ಮಿಷನ್ ತಂದು, ಮನೆ ಮುಂದಿನ ತಗಡಿನ ಚಪ್ಪರದಲ್ಲಿ ಕೂರಿಸಿದ್ದರು. ಮಗ ರಂಗೇಶ್ ತೋಟಗಳಿಂದ ಟ್ರ್ಯಾಕ್ಟರಿನಲ್ಲಿ ಹಸಿ ಅಡಿಕೆ ತರುತ್ತಾನೆ, ತಾಯಿ ಮಿಷನ್ನಿನ ಬಾಯಿಗೆ ಸುರಿಯುತ್ತಾರೆ. ಮೊದಲು ಅರ್ಧ ದಿನ ಓಡುತ್ತಿದ್ದದ್ದು ಈ ಸುಗ್ಗಿಯಿಂದ ಬೆಳಿಗ್ಗೆ ಆರಕ್ಕೆ ಶುರುವಾದರೆ ಸಂಜೆ ಏಳು. ಅಷ್ಟು ಹೊತ್ತೂ ಗೋಡೆ ನಡುಗುತ್ತದೆ, ಸ್ಕ್ರೂಡ್ರೈವರಿನ ಹಿಡಿಯಲ್ಲಿ ಬರುವುದು ಕಾಟಮ್ಮನ ಮಿಷನ್ನಿನ ಸುದ್ದಿ ಮಾತ್ರ.

ಸಭ್ಯರು ಮೊದಲು ಮಾಡುವುದನ್ನೇ ಹಜರತ್ ಅಲಿಯೂ ಮಾಡಿದರು. ಹೋಗಿ ಕೇಳಿಕೊಂಡರು.

"ಅಕ್ಕಾ, ದಿನಾ ಎರಡು ತಾಸು ನಿಲ್ಸಿ ಕೊಡ್ರಿ. ಹನ್ನೊಂದರಿಂದ ಒಂದು. ಅಷ್ಟ್ರಾಗೆ ನನ್ನ ನಾಜೂಕಿನ ಕೆಲ್ಸ ಮುಗಿಸ್ಕಂತೀನಿ."

ಮಿಷನ್ ತಿರುಗುತ್ತಲೇ ಇತ್ತು. ಕಾಟಮ್ಮ ತಲೆಯಾಡಿಸಿ, "ಹೂಂ ಹೂಂ! ಆಯ್ತು ಬಿಡ್ರಿ ಸಾಬ್ರೆ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಮಾರನೇ ದಿನ ಹನ್ನೊಂದು ಹೊಡೆಯಿತು, ಹನ್ನೆರಡು ಹೊಡೆಯಿತು. ಮಿಷನ್ ಒಂದು ಗಳಿಗೆಯೂ ನಿಲ್ಲಲಿಲ್ಲ.

"ಮುಖದ ಮ್ಯಾಲೆ ಹೂಂ ಅಂದು ಹಿಂಗೆ ಮಾಡ್ತಾಳಲ್ಲ, ಎಷ್ಟು ಸೊಕ್ಕಿರಬೇಕು" ಎಂದರು ಹೆಂಡತಿ ಮಲೀಕಾ. "ಆದ್ರೂ ನೀವು ಪಂಚಾಯ್ತಿಗೆ ಹೋಗಬ್ಯಾಡ್ರಿ. ಸದ್ದು ಅಂತ ನಾವು ಬಾಯಿ ಬಿಟ್ರೆ ಮಸೀದಿ ಮೈಕ್ ಅಂತ ಅವ್ರು ಬಾಯಿ ಬಿಡ್ತಾರೆ."

ಈ ಭಯ ಮಲೀಕಾ ಒಬ್ಬರದೇ ಅಲ್ಲ. ತನ್ನ ಹಕ್ಕಿನ ಒಂದು ಅರ್ಜಿ ಕೊಡುವ ಮೊದಲು ತನ್ನ ಇಡೀ ಸಮುದಾಯದ ಲೆಕ್ಕ ಒಪ್ಪಿಸಬೇಕಾದೀತೆಂದು ಒಬ್ಬ ರಿಪೇರಿಯವನು ಹೆದರಬೇಕಾದ ಸ್ಥಿತಿಗೆ ಊರನ್ನು ತಂದಿಟ್ಟವರು ಯಾರು? ನಾವೇ. ಬರೆಯುವ ನಾನೂ, ಓದುವ ನೀವೂ.

ಹಜರತ್ ಅಲಿ ಹೋದರು. ಪಂಚಾಯಿತಿಯ ಎದುರು ಅರ್ಜಿ ಬರೆದುಕೊಡುವ ಓಬಯ್ಯ ಕೂರುತ್ತಾರೆ. ಅವರ ಹತ್ತಿರ ಎಲ್ಲದಕ್ಕೂ ಒಂದೊಂದು ಮಾದರಿ ಇದೆ. ಚರಂಡಿಗೆ ಒಂದು, ಬೀದಿ ದೀಪಕ್ಕೆ ಒಂದು, ನೀರಿಗೆ ಒಂದು.

"ಸದ್ದಿಗೆ ಯಾರೂ ಅರ್ಜಿ ಕೊಟ್ಟಿಲ್ಲ ಸಾಬ್ರೆ, ಮಾದರಿ ಇಲ್ಲ. ಅಡಿಕೆ ಸಿಪ್ಪೆ ಕೊಳೆತು ನಾರ್ತೈತೆ ಅಂತ ಬರೀತೀನಿ. ಪಂಚಾಯ್ತಿಯೋರು ಬರ್ಲಿ ಮೊದ್ಲು. ಬಂದ್ಮೇಲೆ ಸದ್ದು ಅವರಿಗೇ ಕೇಳ್ತೈತಲ್ಲ!"

ಹಜರತ್ ಅಲಿ ಒಪ್ಪಿದರು. ಅದೇ ಅವರು ಮಾಡಿದ ತಪ್ಪು. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು ಅದು. ನೋವೊಂದಿದ್ದರೆ, ಆಫೀಸಿಗೆ ಅರ್ಥವಾಗುವ ಇನ್ನೊಂದು ನೋವನ್ನು ಬರೆಸುತ್ತೇವೆ. ವಾರದೊಳಗೆ ಪಂಚಾಯಿತಿಯ ಟ್ರ್ಯಾಕ್ಟರ್ ಬಂತು, ಸಿಪ್ಪೆಯ ರಾಶಿ ಎತ್ತಿತು, ನೆಲಕ್ಕೆ ಬಿಳಿ ಪುಡಿ ಚೆಲ್ಲಿತು. ಮಿಷನ್ನಿಗೆ ಜಾಗ ಇನ್ನಷ್ಟು ಸಲೀಸಾಯಿತು. 'ದೂರು ಇತ್ಯರ್ಥಪಡಿಸಲಾಗಿದೆ' ಎಂದು ಕಾಗದ ಬಂತು.

ಎರಡನೇ ಅರ್ಜಿಯನ್ನು ಅವರು ಸ್ವಂತ ಕೈಯಲ್ಲಿ ಬರೆದರು. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವರು, ಕನ್ನಡ ಅಕ್ಷರಗಳನ್ನು ಅಂಗಡಿಗಳ ಬೋರ್ಡು ನೋಡಿ ಕಲಿತವರು. ಒಂದು ಪುಟಕ್ಕೆ ಎರಡು ದಿನ ಹಿಡಿಯಿತು. 'ನಾನು ಕಿವಿಯಿಂದ ಕೆಲಸ ಮಾಡುವವನು. ಸದ್ದಿನಿಂದ ನನ್ನ ಕೆಲಸ ಹೋಗುತ್ತಿದೆ.' ನೆಟ್ಟಗೆ ಇಷ್ಟೇ. ಅದರ ತನಿಖೆಗೆ ಬಂದವರು ಬಿಲ್ ಕಲೆಕ್ಟರ್ ಮಂಜಣ್ಣ. ಬಂದ ದಿನ ಕಂಬದ ತಂತಿ ಬದಲಿಸಲೆಂದು ಬೆಳಿಗ್ಗೆಯಿಂದ ಕರೆಂಟ್ ತೆಗೆದಿದ್ದರು. ಮಿಷನ್ ಮೇಲೆ ಒಂದು ಕೋಳಿ ಮಲಗಿತ್ತು.

"ಎಲ್ಲೈತ್ರೀ ಸದ್ದು?" ಎಂದರು ಮಂಜಣ್ಣ.

"ಕರೆಂಟ್ ಬಂದ್ಮೇಲೆ ಬರ್ರಿ ಮಂಜಣ್ಣ."

"ದಿನಾ ಬರಾಕೆ ನಾನೇನು ನಿಮ್ ಅಳಿಯ ಏನ್ರಿ? ಮತ್ತೆ ಒಂದ್ ಮಾತು ಸಾಬ್ರೆ. ಈ ಸದ್ದಿನ ವಿಷಯ ನೀವು ಎತ್ತದಿದ್ರೆ ಚೆಂದ. ಮೈಕು ಗೀಕು ಅಂತ ಬೆಳೀತೈತೆ."

"ಬೆಳೀಲಿ. ನಮ್ ಮೈಕು, ನಿಮ್ ಗಣಪತಿ ಡಿಜೆ, ಆ ಮಿಷನ್ನು, ಎಲ್ಲಾನೂ ಒಂದೇ ಪುಸ್ತಕದಾಗೆ ಬರ್ಕಳ್ರಿ. ನಾನೇ ಮೊದ್ಲು ಸಹಿ ಹಾಕ್ತೀನಿ."

ಮಂಜಣ್ಣ ಬರೆದುಕೊಂಡು ಹೋದದ್ದು ಏನೆಂದು ನಿಮಗಾಗಲೇ ಗೊತ್ತು.

ಆ ಕಾಗದ ಹಿಡಿದೇ ಅಕ್ಟೋಬರಿನ ಗ್ರಾಮ ಸಭೆಗೆ ಅವರು ಬಂದರು. ಶಾಲೆಯ ಜಗಲಿಯಲ್ಲಿ ಸಭೆ. ನಾನೂ ಒಂದು ಮೂಲೆಯಲ್ಲಿದ್ದೆ. ದೀಪಾವಳಿಗೆ ಎರಡು ವಾರ ಇತ್ತು. ಹಜರತ್ ಅಲಿ ಎದ್ದು ನಿಂತು ಆ ಎರಡು ಸಾಲನ್ನು ಗಟ್ಟಿಯಾಗಿ ಓದಿದರು. ಮೊದಲು ಹೆಂಗಸರ ಕಡೆಯಿಂದ ನಗು ಬಂತು, ಆಮೇಲೆ ಇಡೀ ಜಗಲಿ ನಕ್ಕಿತು. ಮಂಜಣ್ಣ ರಿಜಿಸ್ಟರಿನೊಳಗೆ ಮುಖ ಹುದುಗಿಸಿದರು. ಅಧ್ಯಕ್ಷೆ ದಾಕ್ಷಾಯಣಮ್ಮನವರ ಕಿವಿ ಕೆಂಪಾಯಿತು. ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಲ್ಲ?

"ಎಲ್ಲಿ ಆ ಮಿಷನ್ನಿನೋಳು? ಏ ಕಾಟಮ್ಮ, ಎದ್ದು ನಿಂತ್ಕ!"

ಕಾಟಮ್ಮ ಕಂಬಕ್ಕೆ ಒರಗಿ, ಅಧ್ಯಕ್ಷರಿಗೆ ಬೆನ್ನು ಮಾಡಿ ಕುಳಿತಿದ್ದರು. ಅಲುಗಲಿಲ್ಲ. ಮತ್ತೆ ಕರೆದರು. ಮೂರನೇ ಸಲ ದಾಕ್ಷಾಯಣಮ್ಮ ಮೇಜು ಕುಟ್ಟಿದರು. ಕಾಟಮ್ಮ ತಮ್ಮ ಪಾಡಿಗೆ ಸೆರಗಿನಿಂದ ಅಡಿಕೆ ಕಲೆಯ ಬೆರಳು ಒರೆಸಿಕೊಳ್ಳುತ್ತಿದ್ದರು.

"ನೋಡ್ರಪ್ಪ ಪೊಗರು! ಕುರಿ ಮಾರಿದ್ದೇ ತಡ, ಕೊಂಬು ಬಂದಾವೆ" ಎಂದ ಯಾರೋ.

ರಂಗೇಶ್ ಓಡಿ ಬಂದು ತಾಯಿಯ ಭುಜ ಮುಟ್ಟಿದ. ಆಗ ಬೆಚ್ಚಿ ಎದ್ದರು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, "ಹೂಂ ಹೂಂ, ಆಯ್ತು ಬಿಡ್ರಿ" ಎಂದು ತಲೆಯಾಡಿಸಿದರು. ಯಾರೂ ಇನ್ನೂ ಏನನ್ನೂ ಕೇಳಿರಲಿಲ್ಲ.

ಜಗಲಿ ಮತ್ತೆ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಹಜರತ್ ಅಲಿ ನಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕಾಟಮ್ಮನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ನಿಂತರು. ಒಂದೊಂದೇ ಮಾತನ್ನು ಬಿಡಿಸಿ ಗಟ್ಟಿಯಾಗಿ ಕೇಳಿದರು.

"ಅಕ್ಕಾ, ಅವತ್ತು ನಿಮ್ ಚಪ್ಪರಕ್ಕೆ ಬಂದಿದ್ನಲ್ಲ. ನಾನು ಏನು ಕೇಳ್ದೆ ಅಂತ ಗೊತ್ತೇನು?"

ಕಾಟಮ್ಮ ಅವರ ತುಟಿಗಳನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿದರು. "ಏನೋ ಚಂದಾ ಎತ್ತಾಕೆ ಬಂದಿದ್ರಿ ಅನ್ಕಂಡೆ ಸಾಬ್ರೆ. ಹೂಂ ಅಂದೆ. ಎಲ್ರಿಗೂ ಹೂಂ ಅಂತೀನಿ. ಒಂದು ವರ್ಷಾತು, ಕಿವ್ಯಾಗೆ ಬರೇ ಗುಂಯ್ ಅಂತೈತೆ. ಮಂದಿ ಮುಂದೆ ಹೇಳಾಕೆ ನಾಚ್ಕೆ. ಹಟ್ಟಿ ತುಂಬಾ ಕುರಿ ಇದ್ದಾಗ ಒಂದು ಮರಿ ಕೂಗಿದ್ರೆ ಸಾಕು, ಯಾವ ತಾಯಿ ಮರಿ ಅಂತ ಕುಂತಲ್ಲೇ ಹೇಳ್ತಿದ್ದೆ. ಈಗ ಇವನು ಅವ್ವಾ ಅಂದ್ರೂ ಮುಟ್ಟಿ ಹೇಳ್ಬೇಕು."

ರಂಗೇಶನ ಮುಖ ನೋಡಿದರೆ ಅವನಿಗೂ ಪೂರ್ತಿ ಗೊತ್ತಿರಲಿಲ್ಲ ಅನ್ನಿಸಿತು. ಅಷ್ಟರಲ್ಲಿ ಬಾಯಿ ಹಾಕಿದವರು ಅಧ್ಯಕ್ಷೆಯ ಪಕ್ಕದಲ್ಲಿದ್ದ ಪಂಚಾಯಿತಿ ಅಧಿಕಾರಿ, ಪಿಡಿಒ ಸಾಹೇಬರು. ಕಾನೂನು ಪುಸ್ತಕ ಅವರ ಕೈಯಲ್ಲಿತ್ತು.

"ಏನೇ ಇರಲಿ, ಮಿಷನ್‌ಗೆ ಪರವಾನಗಿ ಇಲ್ಲ. ನಾಳೆಯೇ ಬೀಗ ಹಾಕಿಸುತ್ತೇವೆ. ನಿಮಗೂ ಅದೇ ತಾನೆ ಬೇಕಾಗಿದ್ದು ಸಾಬ್ರೆ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಓಣಿ ತಣ್ಣಗಾಗುತ್ತಿತ್ತು, ಹನ್ನೆರಡು ಯಂತ್ರ ಉಳಿಯುತ್ತಿದ್ದವು. ಹಜರತ್ ಅಲಿ ಪಿಡಿಒ ಕಡೆ ತಿರುಗಿದರು.

"ಇಲ್ಲ ಸ್ವಾಮಿ. ಕಿವಿ ಹೋದ್ರೆ ಕೆಲ್ಸ ಹೋಗ್ತೈತೆ ಅಂತ ನಾನು ಅರ್ಜಿ ಕೊಟ್ಟೆ. ಈಯಮ್ಮಂದು ಕಿವೀನೂ ಹೋಗೈತೆ, ಈಗ ಕೆಲ್ಸಾನೂ ಕಿತ್ಕಂಡ್ರೆ ನನ್ನ ಅರ್ಜಿಗೆ ಏನು ಬೆಲೆ? ಸಂತೆ ಮಾಳದ ಹತ್ರ ನಿಮ್ದೊಂದು ಗೋದಾಮು ಐತಲ್ಲ. ಟೇಪು ಕತ್ತರಿಸಿ ನಾಲ್ಕು ವರ್ಷಾತು, ಒಳಗೆ ಬಾವಲಿ ಅವೆ. ಸುತ್ತ ಮನೆ ಇಲ್ಲ, ಕರೆಂಟಿನ ದೊಡ್ಡ ಲೈನ್ ಐತೆ. ಮಿಷನ್ ಅಲ್ಲಿಗೆ ಹೋಗ್ಲಿ. ಪರವಾನಗಿ ಕೊಡ್ರಿ, ಬಾಡಿಗೆ ತಗಳ್ರಿ. ಮತ್ತೆ ಇವತ್ತಿನ ನಡಾವಳಿ ಪುಸ್ತಕದಾಗೆ ಸಿಪ್ಪೆ ಅಂತ ಬರೀಬ್ಯಾಡ್ರಿ. ಸದ್ದು ಅಂತ ಬರೀರಿ."

"ಗೋದಾಮಿನ ಬೀಗದ ಕೈ ಹುಡುಕಬೇಕು" ಎಂದರು ಮಂಜಣ್ಣ.

"ನಾಲ್ಕು ವರ್ಷದಿಂದ ಹುಡುಕ್ತಾನೇ ಇದ್ದೀಯಲ್ಲಪ್ಪ. ಸಿಗದಿದ್ರೆ ಕಬ್ಬಿಣದ ಹಾರೆ ನಾನು ತರ್ತೀನಿ" ಎಂದು ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. ಹೆಸರು ಉಚ್ಚಂಗೆಮ್ಮ ಎಂದು ಆಮೇಲೆ ಗೊತ್ತಾಯಿತು. ಜಗಲಿಯ ಕೈಗಳೆಲ್ಲ ಮೇಲೆದ್ದವು. ದಾಕ್ಷಾಯಣಮ್ಮ ತಾವೇ ಪೆನ್ನು ಹಿಡಿದು 'ಸದ್ದು' ಎಂದೇ ಬರೆದರು.

ಇದನ್ನು ದೊಡ್ಡ ಮನಸ್ಸು ಎಂದು ಹೊಗಳಿ ಹಾರ ಹಾಕಲು ಹೊರಟವರಿಗೆ ನಾನು ಹೇಳುವುದಿಷ್ಟು. ಹಜರತ್ ಅಲಿ ತಮ್ಮ ದೂರಿನಲ್ಲಿ ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ. ಪಂಚಾಯಿತಿ ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಪಂಚಾಯಿತಿಯಿಂದಲೇ ಮಾಡಿಸಿದರು. ನಾಲ್ಕು ವರ್ಷ ಬಾವಲಿಗೆ ಮನೆ ಕೊಟ್ಟವರು ಒಂದು ಸಭೆಯಲ್ಲಿ ದಾರಿಗೆ ಬಂದರು, ಅಷ್ಟೆ. ಕೇಳಿದರೆ ಆಗುತ್ತದೆ ಎಂದು ಊರಿಗೆ ಗೊತ್ತಾದದ್ದು ಮಾತ್ರ ಸಣ್ಣದಲ್ಲ. ಮುಂದಿನ ಸಭೆಗೆ ಹಿಟ್ಟಿನ ಗಿರಣಿಯ ಮೇಲೊಂದು, ಮೈಕುಗಳ ಮೇಲೊಂದು ಅರ್ಜಿ ಈಗಾಗಲೇ ಹೋಗಿವೆ. ಮೈಕಿನ ಅರ್ಜಿಗೆ ಮೊದಲ ಸಹಿ ಹಜರತ್ ಅಲಿಯವರದು, ಎರಡನೆಯದು ಗಣಪತಿ ಕೂರಿಸುವ ಹುಡುಗರದು.

ಎಂಟನೇ ದಿನ ಮಿಷನ್ ಟ್ರ್ಯಾಕ್ಟರ್ ಏರಿತು. ಇಳಿಸಲು ಹಜರತ್ ಅಲಿಯೂ ಹೋಗಿದ್ದರು. ಮಿಷನ್ನಿನ ಕಾಲಡಿ ಹಳೇ ಟೈರಿನ ತುಂಡುಗಳನ್ನು ಕೊಟ್ಟು ಬೋಲ್ಟು ಬಿಗಿದರು. ನಡುಕ ಕಮ್ಮಿಯಾದರೆ ಸದ್ದೂ ಕಮ್ಮಿ ಎಂದು ರಂಗೇಶನಿಗೆ ತೋರಿಸಿಕೊಟ್ಟರು. ಅದೇ ವಾರ ರಂಗೇಶ್ ತಾಯಿಯನ್ನು ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಹೋದದ್ದು ಪೂರ್ತಿ ಬರುವುದಿಲ್ಲ, ಕಿವಿಗೆ ಯಂತ್ರ ಇಟ್ಟರೆ ಮುಕ್ಕಾಲು ಕೇಳುತ್ತದೆ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರಂತೆ ಡಾಕ್ಟರು. ಈಗ ಕಾಟಮ್ಮ ಮಿಷನ್ ಮುಂದೆ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡೇ ನಿಲ್ಲುತ್ತಾರೆ.

ದೀಪಾವಳಿ ಕಳೆದ ಗುರುವಾರ ಹನ್ನೆರಡು ಯಂತ್ರಗಳು ಮಸೀದಿ ಓಣಿಗೆ ಬಂದವು. ಹತ್ತು ದಿನ ಹಜರತ್ ಅಲಿ ತಲೆ ಎತ್ತಲಿಲ್ಲ. ಹನ್ನೊಂದನೇ ದಿನ ಮಮತಾ ಬಂದು ಒಂದೊಂದರ ಮುಂದೂ ಕುಳಿತು ಹೊಲಿದು ನೋಡಿದರು. ಹನ್ನೆರಡರಲ್ಲೂ ಅರ್ಧರ್ಧ ಗಜ ಬಟ್ಟೆ ಓಡಿಸಿದರು. ಕೊನೆಗೆ ಬಟ್ಟೆಗಳನ್ನೆಲ್ಲ ಬೆಳಕಿಗೆ ಹಿಡಿದು ಹೊಲಿಗೆ ನೋಡಿದರು.

ಬಾಗಿಲಲ್ಲಿ ನಿಂತಿದ್ದ ಮಲೀಕಾಗೆ ತಡೆಯಲಾಗಲಿಲ್ಲ. "ಏನಮ್ಮಾ, ಚಿತ್ರದುರ್ಗದೋರಿಗೆ ಕೊಡ್ತೀಯೇನು?"

"ಚಾಚೀ, ಅವರಿಗೆ ಆಗಲೇ ಫೋನ್ ಮಾಡಿ ಬರಬ್ಯಾಡ್ರಿ ಅಂದೆ" ಎಂದರು ಮಮತಾ. "ಚಾಚಾ, ಜೂನಿಗೆ ಇನ್ನೂ ಆರು ಮಿಷನ್ ಬರ್ತಾವೆ. ಹದಿನೆಂಟಕ್ಕೂ ನಿಮ್ಮ ಹೆಸರೇ ಬರ್ಕಂತೀನಿ."

ಹಜರತ್ ಅಲಿ ತಲೆ ಎತ್ತದೆ, ಮುಂದಿದ್ದ ಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟು, "ಬರ್ಕಮ್ಮ" ಎಂದರು.