ವೃತ್ತದಲ್ಲಿ ನಿಂತ ಚೀಲಗಳು

ಗೆಳೆಯರೇ, ಇವತ್ತು ಚಾಮರಾಜಪೇಟೆಯ ನಮ್ಮ ಬೀದಿಯ ದಿನಸಿ ಅಂಗಡಿ ಮುಂದೆ ಆರು ಅಡಿಗೊಂದು ಸುಣ್ಣದ ವೃತ್ತ ಬರೆದಿದ್ದರು. ನನಗೆ ಆಟಿಸಂ ಇದೆ. ಕೊರೊನಾ ಬಂದಮೇಲಂತೂ ಯಾರಾದರೂ ಹತ್ತಿರ ಬಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಯಾರೂ ಮೈಮೇಲೆ ಬೀಳದ ಕ್ಯೂ ಕಂಡು ಜೀವಕ್ಕೆ ಹಾಯೆನಿಸಿತು. ನನ್ನ ವೃತ್ತದಲ್ಲಿ ನಿಂತೆ.

ಉಳಿದ ವೃತ್ತಗಳಲ್ಲಿ ಬರೀ ಕೈಚೀಲಗಳಿದ್ದವು. ಅವುಗಳ ಒಡೆಯರೆಲ್ಲ ಹೊಂಗೆ ಮರದ ನೆರಳಲ್ಲಿ ಭುಜಕ್ಕೆ ಭುಜ ತಾಗಿಸಿ, ಮಾಸ್ಕನ್ನು ಗದ್ದಕ್ಕಿಳಿಸಿ, ಕೊರೊನಾ ಬಗ್ಗೆಯೇ ಮಾತಾಡುತ್ತಿದ್ದರು.

ಎದುರುಮನೆ ಆಂಟಿ ಕೂಗಿದರು: "ಬಿಸಿಲಲ್ಲಿ ಒಬ್ಳೇ ಯಾಕಮ್ಮಾ ನಿಂತಿದೀಯ? ಚೀಲ ಇಟ್ಟು ಈ ಕಡೆ ಬಾ."

"ದೂರ ನಿಲ್ಬೇಕಲ್ವಾ ಆಂಟಿ?"

ಅವರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಪಾಪ, ಆ ಹುಡುಗೀಗೆ ಜನರ ಜೊತೆ ಹೇಗಿರ್ಬೇಕು ಅಂತ ಗೊತ್ತಾಗಲ್ಲ."

ನಿಜ. ಆದರೆ ಚೀಲಗಳ ಜೊತೆ ಚೆನ್ನಾಗಿ ಹೊಂದಿಕೊಂಡೆ. ಇಡೀ ಬೀದಿಯಲ್ಲಿ ನಿಯಮ ಅರ್ಥವಾಗಿದ್ದು ಅವಕ್ಕೂ ನನಗೂ ಮಾತ್ರ.