ಪರದೇಶದವನಿಗೆ ದಾರಿ ಬಿಟ್ಟ ದಿನ

ನಮ್ಮ ಹಿಪ್ಪುನೇರಳೆ ತೋಟ ಹೋಗಿದ್ದು ರೋಗದಿಂದಲ್ಲ, ದಲ್ಲಾಳಿಯಿಂದಲೂ ಅಲ್ಲ. ಪರದೇಶದ ಮುಖಂಡನೊಬ್ಬ ಬಿಡದಿಗೆ ಬಂದ, ಅವನಿಗೆ ದಾರಿ ಬಿಟ್ಟೆವು, ತೋಟ ಹೋಯಿತು. ಅಷ್ಟೇ. ಅವನು ಬಂದಿದ್ದರಿಂದ ಎರಡು ದೇಶಕ್ಕೂ ಒಳ್ಳೆಯದಾಯಿತು ಎಂದು ಟೀವಿಯವರು ಹೇಳಿದರು. ಆಗಿರಬಹುದು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನನ್ನ ಮನೆಗೆ ಏನಾಯಿತು ಅನ್ನುವುದಷ್ಟೇ ನನಗೆ ಗೊತ್ತು.

ನಮ್ಮೂರು ಬಿಡದಿಗೂ ಮಾಗಡಿಗೂ ನಡುವೆ. ಆ ಕಾಲದಲ್ಲಿ ಕೈಗಾರಿಕಾ ಪ್ರದೇಶ ವರ್ಷಕ್ಕಿಷ್ಟು ಹೊಲ ನುಂಗುತ್ತಾ ನಮ್ಮ ಕಡೆಗೇ ಬರುತ್ತಿತ್ತು. ಪಕ್ಕದ ಹೊಲಕ್ಕೆ ಆಗಲೇ ತಂತಿಬೇಲಿ ಬಿದ್ದಿತ್ತು. ಹಿಂದಿನ ಎರಡು ಬೆಳೆ ರೇಷ್ಮೆಹುಳ ರೋಗ ಬಂದು ಸತ್ತಿದ್ದವು. ತೋಟ ನಾನು ಕೈಯಾರೆ ಕಡ್ಡಿ ನೆಟ್ಟು ಎಬ್ಬಿಸಿದ್ದು, ಆದರೆ ಪಹಣಿ ಮಗನ ಹೆಸರಿನಲ್ಲಿತ್ತು. ಅವನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ಈ ಬೆಳೆ ಗೆದ್ರೆ ತೋಟ ಇರ್ಲಿ ಕಣವ್ವ. ಇಲ್ಲಾಂದ್ರೆ ಕಾರ್ಖಾನೆಯೋರ್ಗೆ ಕೊಟ್ಬುಡ್ತೀನಿ. ಆಮ್ಯಾಕೆ ನೀನು ಬಾಯಿ ಮಾಡಂಗಿಲ್ಲ."

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಆ ಸಲ ಹುಳ ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಿದವು. ಗೂಡು ಕಲ್ಲಿನ ಹಾಗೆ ಗಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳ ಒಣಗಿದ ಕಡಲೆಕಾಯಿಯ ಹಾಗೆ ಲೊಟಲೊಟ ಅನ್ನುತ್ತಿತ್ತು. ಬೆಳಿಗ್ಗೆಯೇ ಚೀಲ ತುಂಬಿ ಮಗ ನಾನು ಇಬ್ಬರೂ ಲಗೇಜ್ ಆಟೋದಲ್ಲಿ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೊರಟೆವು.

ಬಿಡದಿ ಸರ್ಕಲ್ಲಿನಲ್ಲಿ ಪೊಲೀಸರು ತಡೆದರು. ಕಂಬಕಂಬಕ್ಕೂ ಎರಡೆರಡು ಬಾವುಟ, ಒಂದು ನಮ್ಮದು, ಇನ್ನೊಂದು ಯಾರದೋ.

"ಯಾರ್ಲಾ ಬತ್ತಾ ಇರೋದು?" ಎಂದು ಮಗನನ್ನು ಕೇಳಿದೆ.

"ಪರದೇಶದೋನು ಕಣವ್ವ, ಕಾರ್ಖಾನೆ ನೋಡಾಕೆ. ಈಗ ನಮ್ ದೇಶವ ಎಲ್ರೂ ಹುಡಿಕ್ಕಂಡ್ ಬತ್ತಾವ್ರೆ. ಅವ್ರ ಹಡಗು ನಮ್ ಹಡಗು ಸಮುದ್ರದಾಗೆ ಒಟ್ಗೇ ಕವಾಯತು ಮಾಡ್ತವಂತೆ. ನಾವೀಗ ಮೊದ್ಲಿನಂಗಲ್ಲ." ಏನೋ ಅವನೇ ಹಡಗು ಕಟ್ಟಿದವನ ಹಾಗೆ ಹೇಳಿದ.

"ಸಮುದ್ರದಾಗೆ ಏನಾರ ಕುಣ್ಕಳ್ಲಿ. ಈ ಸರ್ಕಲ್ ದಾಟ್ಸು ಅನ್ನು."

ಕನ್ನಡ ಬಾರದ ಒಬ್ಬ ಬೂಟಿನವನು ಆಟೋ ಹತ್ತಿ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಚೀಲದೊಳಕ್ಕೆ ತೂರಿಸಿದ. ಚೀಲ ಬಿಡಲಿಲ್ಲ, ಮೂಲೆ ಬಿಡಲಿಲ್ಲ.

"ಚುಚ್ಚಬ್ಯಾಡ್ರೋ! ಗೂಡು ಕಣ್ರೋ ಅವು, ತೂತು ಬಿದ್ರೆ ನೂಲು ಬರಾಕಿಲ್ಲ!"

ನಮ್ಮ ಕಡೆಯ ಪೇದೆಯೊಬ್ಬ ಕೆಳಗೆ ನಿಂತಿದ್ದ. "ಸುಮ್ಕಿರಜ್ಜಿ, ಬಾಂಬ್ ಐತೇನೋ ಅಂತ ನೋಡ್ತಾವ್ನೆ."

"ನನ್ತಾವ ಬಾಂಬ್ ಇದ್ದಿದ್ರೆ ಮೊದ್ಲು ಆ ಕಾರ್ಖಾನೆ ಬೇಲಿಗೆ ಇಕ್ತಿದ್ದೆ ಕಣಪ್ಪ."

"ಅಂಗೆಲ್ಲ ಅನ್ಬ್ಯಾಡಜ್ಜಿ, ಎತ್ತಾಕ್ಕಂಡ್ ಹೋಗ್ಬುಟ್ಟಾರು," ಅಂದ. ಅವನಿಗೂ ನಗು ಬಂದಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಬರುವವನ ಕಣ್ಣಿಗೆ ಗೋಣಿಚೀಲ ಬೀಳಬಾರದಂತೆ. ಆಟೋವನ್ನು ಪಕ್ಕಕ್ಕೆ ತಳ್ಳಿಸಿ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿದರು. ಗೂಡಿನೊಳಗೆ ಇರುವುದು ಜೀವ, ಅದಕ್ಕೆ ಗಾಳಿ ಬೇಕು. ಬಿಸಿಲೇರಿತು. ನಾನು ಪ್ಲಾಸ್ಟಿಕ್ಕಿನ ಅಂಚು ಎತ್ತುವುದು, ಅವರು ಎಳೆದು ಮುಚ್ಚುವುದು, ಮಧ್ಯಾಹ್ನದವರೆಗೂ ಇದೇ ಆಯಿತು. ಕೊನೆಗೆ ಕಪ್ಪು ಗಾಜಿನ ಕಾರುಗಳು ಸಾಲಾಗಿ ಸರ್ರನೆ ಹೋದವು. ಆ ಪರದೇಶದವನ ಒಂದು ಕೈಯೂ ಕಾಣಲಿಲ್ಲ.

ಮಾರ್ಕೆಟ್ಟು ಮುಟ್ಟುವ ಹೊತ್ತಿಗೆ ಹರಾಜು ಮುಗಿಯುತ್ತ ಬಂದಿತ್ತು. ನಮ್ಮ ಗೂಡನ್ನು ಬಹಳ ವರ್ಷದಿಂದ ಕೊಳ್ಳುತ್ತಿದ್ದ, ನೂಲು ತೆಗೆಯುವ ಸಾಬರು ಇನ್ನೂ ಇದ್ದರು. ರಾಶಿಗೆ ಕೈ ಹಾಕಿದರು. ಬೆರಳು ಒಳಕ್ಕೆ ಇಳಿಯಿತು. ಸಲಾಕೆಗೆ ಒಡೆದ ಹುಳದ ರಸ ಅಕ್ಕಪಕ್ಕದ ಗೂಡಿಗೆಲ್ಲ ಹತ್ತಿ, ಉಳಿದಿದ್ದು ಸೆಕೆಗೆ ಬೆವೆತು ಮೆತ್ತಗಾಗಿತ್ತು. ಅಂಗೈಯ ಕಂದು ಕಲೆ ನೋಡಿಕೊಂಡು, "ಏನಮ್ಮಾ, ಮನೇಲೇ ಬೇಯಿಸ್ಕಂಡು ತಂದ್ಯಾ?" ಅಂದರು.

"ದೇಶಕ್ಕೆ ನೆಂಟ್ರು ಬಂದಿದ್ರು ಕಣಣ್ಣ."

ಅವರು ನಗಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು, "ಬೇಜಾರು ಮಾಡ್ಕಬ್ಯಾಡಮ್ಮ, ಇದ್ರಾಗೆ ಎಳೆ ಸಿಗಾಕಿಲ್ಲ," ಎಂದು ಮುಂದಕ್ಕೆ ಹೋದರು. ಅವರು ಬಿಟ್ಟ ಮೇಲೆ ಇನ್ಯಾರು ಮುಟ್ಟುತ್ತಾರೆ? ಹಾಳು ಗೂಡನ್ನು ಕಸದ ಬೆಲೆಗೆ ಕೊಳ್ಳುವವನಿಗೆ ಸುರಿದು ಬಂದೆವು.

ವಾಪಸ್ಸು ಬರುವಾಗ ಮಗ ಖಾಲಿ ಚೀಲಗಳನ್ನು ಮಡಚುತ್ತಾ ಕೂತಿದ್ದ. ಊರ ತಿರುವಿನಲ್ಲಿ "ಅವ್ವ" ಅಂದ.

"ಕೊಟ್ಬುಡು," ಅಂದೆ.

ನಾನು ಜಗಳ ತೆಗೆಯುತ್ತೇನೆಂದು ಕಾದಿದ್ದನೋ ಏನೋ, ತಲೆ ತಗ್ಗಿಸಿದ. ಸಂಜೆ ಟೀವಿಯಲ್ಲಿ ಎರಡು ದೇಶದ ದೊಡ್ಡವರು ಕೈ ಕೈ ಹಿಡಿದು ನಗುತ್ತಾ ನಿಂತಿದ್ದರು, ಎಷ್ಟು ಹೊತ್ತಾದರೂ ಕೈ ಬಿಡಲಿಲ್ಲ. ಮಗ ಎದ್ದುಹೋಗಿ ಟೀವಿ ಆರಿಸಿದ.

ಮಾರನೆಯ ಬೆಳಿಗ್ಗೆ ಹಸುವಿನ ಹಗ್ಗ ಬಿಚ್ಚಿ ತೋಟಕ್ಕೆ ಹೊಡೆದುಕೊಂಡು ಹೋದೆ. ಹುಳದ ಸೊಪ್ಪೆಂದು ಅದನ್ನು ಅಲ್ಲಿಗೆ ಎಂದೂ ಬಿಟ್ಟಿರಲಿಲ್ಲ, ಮೂತಿ ಚಾಚಿದಾಗಲೆಲ್ಲ ಬಾರಿಸಿದ್ದೆ. ಅದು ಬದುವಿನ ಮೇಲೇ ನಿಂತು ನನ್ನ ಮುಖ ನೋಡಿತು.

"ತಿನ್ನತ್ಲಾಗೆ," ಎಂದು ಬೆನ್ನಿಗೆ ತಟ್ಟಿ ಒಳಕ್ಕೆ ನೂಕಿದೆ.