ಅತ್ತೆಯ ದಾಖಲಾ

ಅರವತ್ತು ದಾಟಿದ ಮೇಲೆ ನಮ್ಮತ್ತೆಗೆ ಹತ್ತನೇ ಪರೀಕ್ಷೆಗೆ ಕೂರುವ ಹುಕಿ ಬಂತು. ಒಂಬತ್ತನೇ ಇಯತ್ತೆ ಮುಗಿಯುತ್ತಲೇ ಲಗ್ನವಾಗಿ, ಮಹಾರಾಷ್ಟ್ರದ ಗಡಿಯಲ್ಲಿರುವ ತವರೂರು ಗಡಹಿಂಗ್ಲಜದಿಂದ ಇಚಲಕರಂಜಿಗೆ ಬಂದವರು. "ಒಂದ ಇಯತ್ತಾ ಉಳದೈತಿ. ಅದನ್ನ ಮುಗಿಸೇ ಸಾಯ್ತೀನಿ," ಅಂದರು. ಸಾಯೋ ಮಾತು ಯಾಕ್ರಿ ಎಂದು ರೇಗಿದೆ. ರೇಗಿದರೇನು, ಅರ್ಜಿ ತುಂಬುವ ಕೆಲಸ ನನ್ನ ಕೊರಳಿಗೇ ಬಿತ್ತು. ಮನೆಯಲ್ಲಿ ಮೊಬೈಲಿನ ಕೆಲಸವೆಲ್ಲ ಸೊಸೆಯದೇ.

ಹೊರಗಿನಿಂದ ಪರೀಕ್ಷೆಗೆ ಕೂರುವವರು ಎಲ್ಲ ಕಾಗದಗಳನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ ಕಳಿಸಬೇಕಿತ್ತು. ಉಳಿದದ್ದು ಎರಡೇ ದಿನ. ಗಡಹಿಂಗ್ಲಜದಲ್ಲಿರುವ ಅತ್ತೆಯ ತಮ್ಮ ಹಳೇ ಟ್ರಂಕಿನಲ್ಲಿದ್ದ ಕಾಗದಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರು. ಅಯ್ಯೋ ದೇವರೇ! ಒಂದು ತಲೆಕೆಳಗು, ಒಂದು ಅಡ್ಡ, ಒಂದರ ಮೇಲೆ ಅವರದೇ ಹೆಬ್ಬೆಟ್ಟು. ಗೊಣಗುತ್ತಲೇ ಒಂದೊಂದನ್ನೂ ನೆಟ್ಟಗೆ ತಿರುಗಿಸಿ, ಅಂಚು ಕತ್ತರಿಸಿ, ಸಾಲಾಗಿ ಜೋಡಿಸಿದೆ. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

ನಡುವೆ ಕನ್ನಡ ಶಾಲೆಯ ದಾಖಲಾ ಒಂದು ಬಂತು. ಶಾಲೆ ಬಿಡುವಾಗ ಕೊಡುತ್ತಾರಲ್ಲ, ಅದು. ಮಡಿಕೆಯಲ್ಲಿ ಹರಿದಿತ್ತು. ಅದರಲ್ಲಿ ಯಾರೋ ಹುಡುಗಿಯ ಹೆಸರು.

"ನಿಮ್ಮ ತಮ್ಮಗ ಕಣ್ಣ ಕಾಣೂದಿಲ್ಲೇನ್ರಿ? ಯಾರದೋ ಕಳಿಸ್ಯಾರ," ಎಂದು ಅದನ್ನು ತೆಗೆದು ಹಾಕಿದೆ.

ಎಲ್ಲ ಜೋಡಿಸಿ ನೋಡಿದರೆ ಅವರ ದಾಖಲಾ ಮಾತ್ರ ಇಲ್ಲ.

"ಅತ್ತಿ, ನಿಮ್ಮ ದಾಖಲಾ ಎಲ್ಲೈತ್ರಿ?"

"ಆಗಳೇ ಬಂದಿತ್ತಲ್ಲ, ನೀನ ತಗದಿ."

"ಅದು ನಿಮ್ಮ ಹೆಸರಲ್ಲಲ್ರಿ!"

"ನಂದ ಯವ್ವಾ. ಆ ಹುಡುಗಿ ನಿನಗ ಬ್ಯಾಡೇನೋ ಅಂತ ಸುಮ್ನಾದೆ."

ನಮ್ಮ ಕಡೆ ಲಗ್ನದಲ್ಲಿ ಗಂಡನಾದವನು ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ನನಗೂ ಬರೆಯಲು ಬಂದಿದ್ದರು. ನಾನು ಹಟಮಾರಿ, ಒಲ್ಲೆ ಎಂದೆ. ಆಗ ನನ್ನ ಪರ ನಿಂತವರು ಈ ಅತ್ತೆಯೊಬ್ಬರೇ. ಇಷ್ಟಾಗಿಯೂ, ನಿಮ್ಮ ಮೊದಲಿನ ಹೆಸರೇನು ಎಂದು ಹದಿನೆಂಟು ವರ್ಷದಲ್ಲಿ ಒಮ್ಮೆಯಾದರೂ ಕೇಳಿದ್ದೆನೇ? ಅವರ ತಮ್ಮ "ಅಕ್ಕಾ" ಅನ್ನುತ್ತಾರೆ, ಮಾವ "ಏ, ಕೇಳಿದ್ಯಾ" ಅನ್ನುತ್ತಾರೆ. ಹೆಸರಿನ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ನನ್ನ ಬಗ್ಗೆ ನನಗೇ ಸಿಟ್ಟು ಬಂತು.

ದಾಖಲಾವನ್ನು ವಾಟ್ಸಾಪಿನಿಂದ ಮತ್ತೆ ತೆಗೆದು ಮೊದಲ ಪುಟಕ್ಕೇ ಇಟ್ಟೆ. ಆದರೆ ಎರಡೂ ಹೆಸರು ಒಬ್ಬರವೇ ಎನ್ನಲು ಪುರಾವೆ ಬೇಕಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ, ಕೊಲ್ಹಾಪುರದಲ್ಲಿ ಪರಿಚಯದ ವಕೀಲರ ಬಳಿ ಅಫಿಡವಿಟ್ ಮಾಡಿಸಿದೆವು.

"ಮಾವಶಿ, ದೋನ್ಹೀ ನಾವಾನೇ ಸಹಿ ಕರಾ," ಎಂದರು ವಕೀಲರು, ಎರಡೂ ಹೆಸರಿನಲ್ಲಿ ಸಹಿ ಮಾಡಿ ಅಂತ ಮರಾಠಿಯಲ್ಲಿ.

ಈಗಿನ ಹೆಸರನ್ನು ಅತ್ತೆ ಸರಕ್ಕನೆ ಬರೆದರು. ಹಳೆಯದಕ್ಕೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಕನ್ನಡದಲ್ಲಿ, ದುಂಡಗೆ, ಒಂದೊಂದೇ ಅಕ್ಷರ ಬರೆದು ನನ್ನತ್ತ ತಿರುಗಿಸಿದರು. "ಮರ್ತಿಲ್ಲ ನೋಡ." ಆ ಕಾಗದವನ್ನು ಅಲ್ಲೇ ಸ್ಕ್ಯಾನ್ ಮಾಡಿ, ದಾಖಲಾದ ಬೆನ್ನಿಗೆ ಸೇರಿಸಿ, ಪಿಡಿಎಫ್ ಕಳಿಸಿದೆ.

ಪರೀಕ್ಷೆಗೆ ಗಡಹಿಂಗ್ಲಜವೇ ಬೇಕೆಂದು ಅತ್ತೆ ಹಟ ಹಿಡಿದಿದ್ದರು. ಮೊದಲ ದಿನ ಶಾಲೆಯ ಅಂಗಳದಲ್ಲಿ ಹದಿನೈದು, ಹದಿನಾರರ ಮಕ್ಕಳ ನಡುವೆ, ಇಳಕಲ್ ಸೀರೆಯುಟ್ಟು ನಿಂತಿದ್ದರು. ನಾನು ಗೇಟಿನ ಹೊರಗೆ. ಮಾಸ್ತರರೊಬ್ಬರು ಪಟ್ಟಿ ಹಿಡಿದು ಹೆಸರು ಕೂಗತೊಡಗಿದರು. ಅಲ್ಲಿ ಬರುವುದು ದಾಖಲಾದಲ್ಲಿದ್ದ ಹೆಸರು. ನಲವತ್ತೈದು ವರ್ಷ ಯಾರೂ ಕರೆಯದ ಹೆಸರು ಅವರಿಗೆ ತಮ್ಮದೆಂದು ತಿಳಿದೀತೇ?

ಮಾಸ್ತರರು ಅರ್ಧ ಹೆಸರು ಕೂಗಿದ್ದರಷ್ಟೇ.

"ಹಾಜರ್ರಿ ಸರ್!"

ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ಎತ್ತಿದ ಕೈ ಇಳಿಸದೆ ಅತ್ತೆಯೂ ನಕ್ಕರು. ನಾನು ಗೇಟು ಹಿಡಿದುಕೊಂಡು ಅತ್ತುಬಿಟ್ಟೆ.